ಅಜ್ಜನ ಮ್ಯಾಂಚೆಸ್ಟರ್

‘ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಯಾವ ಊರನ್ನು ಕರೆಯುತ್ತಾರೆ?’ ಒಂದು ಅಂಕದ ಈ ಪ್ರಶ್ನೆಗೆ ನೀವೂ ಉತ್ತರ ಬರೆದಿರುತ್ತೀರಿ, ಮಕ್ಕಳೇ. ದಾವಣಗೆರೆ. ನಾನೂ ಬರೆದಿದ್ದೆ. ಮನೆಗೆ ಬಂದು ಅಜ್ಜನಿಗೆ ಹೇಳಿದಾಗ ಅವನು ನಕ್ಕುಬಿಟ್ಟ. “ಬರೀ ಒಂದು ಅಂಕನಾ? ನಾನು ಅಲ್ಲಿ 28 ವರ್ಷ ದುಡಿದೀನಿ!”

ಅಜ್ಜ ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ. ಆಗೆಲ್ಲ ಮಿಲ್ಲಿನ ಸೈರನ್ ಕೂಗಿದರೆ ನೆರೆಹೊರೆಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಆಮೇಲೆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ನಾನು ಹುಟ್ಟುವ ಮುಂಚೆಯೇ ಅಜ್ಜ, ಅಜ್ಜಿ ಹರಿಹರಕ್ಕೆ ಬಂದು, ಹರಿಹರೇಶ್ವರ ದೇವಸ್ಥಾನದ ಹತ್ತಿರದ ಹಳೆಯ ಮನೆ ಸೇರಿದ್ದರು. ಮಿಲ್ಲಿನಿಂದ ಅಜ್ಜನ ಜೊತೆಗೆ ಬಂದದ್ದು ಎರಡೇ: ಒಂದು ಕಬ್ಬಿಣದ ಟ್ರಂಕು, ಇನ್ನೊಂದು ಕಿವುಡು. ಮಗ್ಗಗಳ ಸದ್ದು ಅವನ ಕಿವಿಯನ್ನು ಸ್ವಲ್ಪ ಸ್ವಲ್ಪವೇ ತಿಂದುಹಾಕಿತ್ತು. ಆದರೂ ಮನೆಯಲ್ಲಿ ನಮ್ಮ ಮಾತು ಅವನಿಗೆ ಹೇಗೋ ಗೊತ್ತಾಗುತ್ತಿತ್ತು. ಹೇಗೆ ಎಂದು ನಾನು ಯೋಚಿಸಿದ್ದೇ ಇಲ್ಲ. ಜಾತ್ರೆಯ ಗದ್ದಲದಲ್ಲಿ ಹಳೆಯ ಮಿಲ್ಲಿನ ಗೆಳೆಯನೊಬ್ಬ ರಸ್ತೆಯ ಆಚೆ ಬದಿ ಕಂಡರೆ, ಇಬ್ಬರೂ ನಿಂತಲ್ಲೇ ತುಟಿ ಆಡಿಸಿ, ಕೈ ತಿರುಗಿಸಿ ಹತ್ತು ನಿಮಿಷ ಹರಟುತ್ತಿದ್ದರು. ನಮಗೆ ಅದು ತಮಾಷೆ.

ನಾನು ದಿನವೂ 14 ಕಿ.ಮೀ. ಬಸ್ಸಿನಲ್ಲಿ ಹೋಗಿ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿದೆ. ಮುಂದೆ ಒಂದು ವರ್ಷದ ಎಂ.ಎಸ್ಸಿ.ಗೆ ಸೀಟು ಸಿಕ್ಕಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ! ಸಂತೋಷದ ಹಿಂದೆಯೇ ದುಡ್ಡಿನ ಮಾತು ಬಂತು. ಬ್ಯಾಂಕ್ ಸಾಲಕ್ಕೆ ಮನೆಯ ಪತ್ರ ಅಡ ಇಡಬೇಕಿತ್ತು. ಮನೆ ಅಜ್ಜನ ಹೆಸರಿನಲ್ಲಿತ್ತು. ಅವನು ಏನೂ ಮಾತಾಡದೆ ಸಹಿ ಹಾಕಿದ. ಪೆನ್ನು ಕೆಳಗಿಟ್ಟ ಮೇಲೆ ನನ್ನ ಕಡೆ ತಿರುಗಿ, “ನಮ್ಮೂರಿಗೆ ಹೆಸರು ಕೊಟ್ಟ ಊರು ಹೆಂಗೈತೆ ನೋಡ್ಕಂಡು ಬಾ. ಅಲ್ಲಿ ಮಿಲ್ಲು ಇನ್ನೂ ಓಡ್ತವಾ, ಕೇಳಿ ಹೇಳು” ಅಂದ.

ಸೆಪ್ಟೆಂಬರಿನಲ್ಲಿ ಹೊರಟೆ. ಪೆಟ್ಟಿಗೆಯಲ್ಲಿ ಅರ್ಧ ಭಾಗ ಅಜ್ಜಿಯ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ. (ಮಂಡಕ್ಕಿಗೆ ತೂಕವಿಲ್ಲ, ಜಾಗ ಮಾತ್ರ ಬೇಕು. ಎರಡು ಸ್ವೆಟರ್ ಮನೆಯಲ್ಲೇ ಉಳಿದವು. ಆಮೇಲೆ ಅದಕ್ಕೆ ಚೆನ್ನಾಗಿ ನಡುಗಿದೆ.)

ಮ್ಯಾಂಚೆಸ್ಟರ್ ಎಂದರೆ ಕೆಂಪು ಇಟ್ಟಿಗೆಯ ಕಟ್ಟಡಗಳು, ಕಾಲುವೆಗಳು ಮತ್ತು ಮಳೆ. ನಮ್ಮ ಮುಂಗಾರಿನಂತೆ ಒಮ್ಮೆ ಸುರಿದು ಹೋಗುವ ಮಳೆಯಲ್ಲ. ದಿನವಿಡೀ ಉದುರುವ ಜಿನುಗು. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಿದ್ದ. ಕಾಲೇಜು ನಡೆಯುವಾಗ ವಿದ್ಯಾರ್ಥಿಗಳು ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ನಾನು ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅದನ್ನು ಮನೆಯಲ್ಲಿ ಹೇಳಿರಲಿಲ್ಲ.

ಕೆಲಸಕ್ಕೆ ನಡೆದು ಹೋಗುವಾಗ ಹರಿಹರಕ್ಕೆ ಫೋನ್ ಮಾಡುತ್ತಿದ್ದೆ. ಚಳಿಗಾಲದಲ್ಲಿ ನಮಗೂ ಅವರಿಗೂ ಐದೂವರೆ ತಾಸಿನ ಅಂತರ. ಅಲ್ಲಿ ಊಟದ ಹೊತ್ತಾಗಿರುತ್ತಿತ್ತು. ಅಜ್ಜಿ ಎಲ್ಲ ಕೇಳುತ್ತಿದ್ದಳು: ಉಂಡ್ಯೇನವ್ವ, ಮಳಿ ಬಂತಾ, ತಲಿಗೆ ಎಣ್ಣಿ ಹಚ್ಚಿದ್ಯಾ. ಅಜ್ಜ ಮಾತ್ರ ಫೋನ್ ತೆಗೆದುಕೊಂಡು ಎರಡು ಸಲ “ಹ್ಞೂಂ, ಹ್ಞೂಂ” ಎಂದು ಅಜ್ಜಿಗೇ ಕೊಟ್ಟುಬಿಡುತ್ತಿದ್ದ. ವಿಡಿಯೊ ಕರೆಯಲ್ಲೂ ಹಾಗೇ. ತಿಂಗಳು ಕಳೆದಂತೆ ನನಗೆ ಅನುಮಾನ ಬಲವಾಯಿತು. ಮನೆ ಅಡ ಇಟ್ಟದ್ದಕ್ಕೆ ಅಜ್ಜನಿಗೆ ಒಳಗೊಳಗೇ ಸಿಟ್ಟಿದೆ ಎಂದುಕೊಂಡೆ. ಎಷ್ಟೋ ರಾತ್ರಿ ಅದೇ ಯೋಚನೆಯಲ್ಲಿ ನಿದ್ದೆ ಬರುತ್ತಿರಲಿಲ್ಲ.

ಮಾರ್ಚ್‌ನಲ್ಲಿ ಒಂದು ಭಾನುವಾರ ಗೆಳತಿಯರ ಜೊತೆ ಕ್ವಾರಿ ಬ್ಯಾಂಕ್ ಎಂಬ ಹಳೆಯ ಹತ್ತಿ ಮಿಲ್ ನೋಡಲು ಹೋದೆ. ವಿಮಾನ ನಿಲ್ದಾಣದ ಹತ್ತಿರ, ಬಾಲಿನ್ ಎಂಬ ಪುಟ್ಟ ನದಿಯ ದಂಡೆಯಲ್ಲಿದೆ. ನಮ್ಮ ತುಂಗಭದ್ರೆಯನ್ನು ನೋಡಿದವರಿಗೆ ಅದು ಹಳ್ಳ. ಅದೇ ನೀರು ದೊಡ್ಡ ಚಕ್ರ ತಿರುಗಿಸಿ ಇಡೀ ಮಿಲ್ ಓಡಿಸುತ್ತಿತ್ತು. ಕಟ್ಟಿದ್ದು 1784ರಲ್ಲಿ. ಪಕ್ಕದಲ್ಲಿ ಇನ್ನೊಂದು ಮನೆಯಿದೆ. ಅಲ್ಲಿ ಇದ್ದವರು ಮಿಲ್ಲಿನಲ್ಲಿ ದುಡಿಯುವ ಮಕ್ಕಳು, ಒಂಬತ್ತು ಹತ್ತು ವರ್ಷದವರು. ದಿನಕ್ಕೆ 12 ತಾಸು ಕೆಲಸ. ಯಂತ್ರ ಓಡುತ್ತಿರುವಾಗಲೇ ಅದರ ಅಡಿಗೆ ತೂರಿ ಬಿದ್ದ ಹತ್ತಿ ಗುಡಿಸಬೇಕಿತ್ತು. ನಿಮ್ಮ ನಾಲ್ಕನೆಯ ತರಗತಿಯ ಬೆಂಚಿನಲ್ಲಿ ಯಾರು ಯಾರು ಕೂತಿದ್ದಾರೆ ನೆನಪು ಮಾಡಿಕೊಳ್ಳಿ, ಅಷ್ಟೇ ದೊಡ್ಡವರು.

ಒಳಗೆ ಇಂದಿಗೂ ಕೆಲವು ಮಗ್ಗಗಳನ್ನು ಓಡಿಸಿ ತೋರಿಸುತ್ತಾರೆ. ಒಂದು ಶುರುವಾದಾಗ ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುವ ಸದ್ದು ಎದೆಗೇ ತಾಗಿತು. ಎರಡು, ಮೂರು ಸೇರಿದ ಮೇಲೆ ಪಕ್ಕದವಳು ಕೂಗಿದರೂ ಕೇಳಲಿಲ್ಲ. ಅಲ್ಲಿ ಹಿಂದೆ ನೂರಾರು ಮಗ್ಗ ಒಟ್ಟಿಗೆ ಓಡುತ್ತಿದ್ದವು. ಆಗ ನಮಗೆ ಮಿಲ್ ತೋರಿಸುತ್ತಿದ್ದ ವಯಸ್ಸಾದ ಹೆಂಗಸು ನಮ್ಮತ್ತ ತಿರುಗಿ, ದನಿಯಿಲ್ಲದೆ, ತುಟಿಯನ್ನು ಅಗಲಿಸಿ ಕುಗ್ಗಿಸಿ ಏನೋ ಹೇಳಿದಳು. ಮಗ್ಗ ನಿಂತ ಮೇಲೆ ವಿವರಿಸಿದಳು: ಲ್ಯಾಂಕಾಶೈರ್‌ನ ನೇಕಾರರು ಹೀಗೇ ಮಾತಾಡುತ್ತಿದ್ದರಂತೆ. ಇದಕ್ಕೆ ‘ಮೀ-ಮಾ’ ಎಂದು ಹೆಸರು. ಅವಳ ತಾಯಿಯೂ ನೇಕಾರಳು. ಮನೆಯಲ್ಲೂ ಹೀಗೇ ಮಾತಾಡುತ್ತಿದ್ದಳಂತೆ.

ನನಗೆ ಹರಿಹರದ ಜಾತ್ರೆ ಕಣ್ಣ ಮುಂದೆ ಬಂತು. “ಈ ಕಡೆ ಮುಖ ಮಾಡಿ ಮಾತಾಡವ್ವ” ಎಂದು ಅಜ್ಜ ಮನೆಯಲ್ಲಿ ಸಾವಿರ ಸಲ ಹೇಳಿದ್ದು ನೆನಪಾಯಿತು. ಅವನು ನಮ್ಮ ಮಾತು ಕೇಳುತ್ತಿರಲಿಲ್ಲ, ನೋಡುತ್ತಿದ್ದ! ನಾನೋ ಕತ್ತಲಲ್ಲಿ ನಡೆಯುತ್ತ, ಬಾಯಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು ಆರು ತಿಂಗಳು ಫೋನ್ ಮಾಡಿದ್ದೆ.

ಮರುದಿನ ಬೆಳಿಗ್ಗೆ ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತು ವಿಡಿಯೊ ಕರೆ ಮಾಡಿದೆ. ದನಿಯೇ ಇಲ್ಲದೆ ನಿಧಾನವಾಗಿ ತುಟಿ ಆಡಿಸಿದೆ: ಅಜ್ಜ, ಇಲ್ಲಿ ಮಳೆ. ಅಜ್ಜ ಫೋನನ್ನು ಮುಖದ ಹತ್ತಿರ ತಂದ. ಅವನ ಮುಖ ಅರಳಿತು.

“ಮಳಿ ಇದ್ರೆ ಛಲೋ ಆತು. ನೂಲು ಹರಿಯಂಗಿಲ್ಲ!” ಎಂದು ಕೂಗಿದ. ಗಾಳಿ ಒಣಗಿದರೆ ನೂಲು ಪಟಪಟನೆ ಹರಿಯುತ್ತದಂತೆ. ಅದಕ್ಕೆ ಬಿಸಿಲಿನ ನಮ್ಮೂರ ಮಿಲ್ಲಿನಲ್ಲಿ ಗಾಳಿಗೆ ನೀರು ಚಿಮುಕಿಸುತ್ತಿದ್ದರು. “ಅವರಿಗೆ ದೇವರೇ ಚಿಮುಕಿಸ್ತಾನೆ” ಅಂದ. ಅದು ನಿಜ. ಮ್ಯಾಂಚೆಸ್ಟರ್ ಸುತ್ತ ಹತ್ತಿ ಮಿಲ್ಲುಗಳು ಬೆಳೆಯಲು ಅಲ್ಲಿನ ತೇವದ ಹವೆಯೂ ಒಂದು ಕಾರಣ ಎನ್ನುತ್ತಾರೆ.

ಕೊನೆಗೆ ಧೈರ್ಯ ಮಾಡಿ ತುಟಿಯಲ್ಲೇ ಕೇಳಿದೆ, ಮನೆ ಪತ್ರ ಇಟ್ಟದ್ದಕ್ಕೆ ಸಿಟ್ಟಾ?

“ಸಿಟ್ಟಾ? ಮಿಲ್ಲು ಓಡ್ತವಾ ಅಂತ ಕೇಳಿ ಕಳಿಸಿದ್ದೆ. ಇನ್ನೂ ಹೇಳಿಲ್ಲಲ್ಲ ನೀನು!”

ಹೇಳಿದೆ. ಹತ್ತಿ ಮಿಲ್ಲುಗಳ ಕಾಲ ಮುಗಿದಿದೆ. ಆನ್‌ಕೋಟ್ಸ್ ಎಂಬಲ್ಲಿ ಇಟ್ಟಿಗೆಯ ದೊಡ್ಡ ಮಿಲ್ಲುಗಳು ನಿಂತಿವೆ, ಒಳಗೆ ಈಗ ಮನೆಗಳು, ಆಫೀಸುಗಳು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದ. “ಅಲ್ಲೂ ಹಂಗೇನಾ” ಅಂದ. ಆಮೇಲೆ, “ಅಲ್ಲಿ ದುಡಿದೋರು ಏನಾದ್ರು?”

ಇದು ನನ್ನ ಪುಸ್ತಕಗಳಲ್ಲಿ ಇರಲಿಲ್ಲ. ಮುಂದಿನ ಭಾನುವಾರ ಮತ್ತೆ ಕ್ವಾರಿ ಬ್ಯಾಂಕ್‌ಗೆ ಹೋಗಿ ಆ ಹೆಂಗಸನ್ನೇ ಕೇಳಿದೆ. ಅವಳ ತಾಯಿ ಮಿಲ್ ಮುಚ್ಚಿದ ಮೇಲೆ ಬಿಸ್ಕತ್ ಕಾರ್ಖಾನೆ ಸೇರಿದಳಂತೆ. ಮೊದಮೊದಲು ಅಲ್ಲಿನ ನಿಶ್ಶಬ್ದಕ್ಕೇ ತಲೆನೋವು ಬರುತ್ತಿತ್ತಂತೆ.

ಅಜ್ಜ ಇದನ್ನು ನೋಡಿ ಜೋರಾಗಿ ನಕ್ಕ. “ನಾನು ಮಂಡಕ್ಕಿ ಭಟ್ಟಿಗೆ ಹೋದಂಗೆ!” ಅಂದ. ಅವನು ಆರು ವರ್ಷ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ, ಬೆಂಕಿಯ ಮುಂದೆ ಕೂತು ಬಾಣಲೆಯಲ್ಲಿ ಅಕ್ಕಿ ಹುರಿದಿದ್ದ. ನಮ್ಮಪ್ಪನ ಓದು ಮುಗಿದದ್ದು ಆ ದುಡ್ಡಿನಲ್ಲಿ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ನನಗೆ ಗೊತ್ತಿರಲಿಲ್ಲ. ಆವತ್ತೇ ನಾನೂ ಪಾತ್ರೆ ತೊಳೆಯುವ ಕೆಲಸದ ಬಗ್ಗೆ ಹೇಳಿಬಿಟ್ಟೆ. ಅಜ್ಜಿ ಅತ್ತಳು. ಅಜ್ಜ ಮಾತ್ರ, “ದಿನಕ್ಕೆ ಎಷ್ಟು ತಾಸು? ಕೂಲಿ ಎಷ್ಟು ಕೊಡ್ತಾರೆ?” ಎಂದು ಲೆಕ್ಕ ಕೇಳಿದ.

ಓದು ಮುಗಿಸಿ ಸೆಪ್ಟೆಂಬರಿನಲ್ಲಿ ವಾಪಸಾದೆ. ಬೆಂಗಳೂರಿನಿಂದ ರೈಲಿನಲ್ಲಿ ಬಂದು ಹರಿಹರದಲ್ಲಿ ಇಳಿದಾಗ ಪಕ್ಕದ ಹಳಿಯಲ್ಲಿ ಗೂಡ್ಸ್ ಗಾಡಿಯೊಂದು ಗಡಗಡನೆ ಸಾಗುತ್ತಿತ್ತು. ಪ್ಲಾಟ್‌ಫಾರಂ ತುದಿಯಲ್ಲಿ ಅಪ್ಪ, ಅಜ್ಜ. ಅಪ್ಪ ಏನೋ ಕೂಗಿದ, ಒಂದಕ್ಷರ ಕೇಳಲಿಲ್ಲ. ಅಜ್ಜ ಕೈಯಲ್ಲಿದ್ದ ಪೊಟ್ಟಣ ಎತ್ತಿ ತೋರಿಸಿ ತುಟಿ ಆಡಿಸಿದ.

ಮಂಡಕ್ಕಿ ತಂದೀನಿ, ಬಾ.