ಹಸುರು ಹಾಸು ಮತ್ತು ಅನರ್ಥದಂಡ

ಗೃಹಸ್ಥನು ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಲಾರನೆಂಬುದನ್ನು ಬಲ್ಲ ಆಚಾರ್ಯರು ಅವನಿಗೆ ಅಣುವ್ರತಗಳನ್ನು ವಿಧಿಸಿ, ಅವುಗಳ ರಕ್ಷಣೆಗೆ ಬೇಲಿಯಂತೆ ಗುಣವ್ರತಗಳನ್ನು ಇರಿಸಿದರು. ಅವುಗಳಲ್ಲಿ ಅನರ್ಥದಂಡವಿರತಿಯು ಒಂದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುತ್ತಾ, ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಸಸ್ಯವನ್ನು ಕತ್ತರಿಸುವುದು ಮೊದಲಾದವನ್ನು ಪ್ರಮಾದಚರ್ಯೆಯೆಂದು ಎಣಿಸಿದ್ದಾರೆ. ಈ ವ್ರತವನ್ನು ಕಂಠಪಾಠವಾಗಿ ಬಲ್ಲವರೂ ತಮ್ಮ ಅಂಗಳದಲ್ಲೇ ಅದನ್ನು ಮರೆಯುವುದುಂಟು. ಚಿಂತಾಮಣಿಯ ಒಬ್ಬ ಧಾನ್ಯ ವರ್ತಕರ ಅನುಭವವು ಇದಕ್ಕೆ ನಿದರ್ಶನ.

ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗುವ ಮಾರ್ಗದಲ್ಲಿ, ವಿಹಾರ ಮಾಡುವ ತ್ಯಾಗಿಗಳ ತಂಗುವಿಕೆಗೆಂದು ಒಂದು ಸಣ್ಣ ತ್ಯಾಗಿನಿವಾಸವನ್ನು ಕಟ್ಟಿಸಲಾಯಿತು. ಆ ವರ್ತಕರು ಅದರ ಲೆಕ್ಕಪತ್ರ ನೋಡುವ ಧರ್ಮದರ್ಶಿಗಳು. ನಿವೇಶನವೆಲ್ಲ ಗರಸು ಮಣ್ಣು; ಗುದ್ದಲಿ ಹಾಕಿದರೆ ಗೇಣುದ್ದದಲ್ಲಿ ಕಲ್ಲು. ಒಬ್ಬ ದಾನಿಗಳು ತಮ್ಮ ತಾಯಿಯವರ ಸ್ಮರಣಾರ್ಥ ಮುಂಭಾಗದಲ್ಲಿ ಐದು ಸಾವಿರ ಚದರ ಅಡಿಯ ಲಾನ್ ಹಾಕಿಸಿಕೊಟ್ಟರು. ಲಾರಿಗಟ್ಟಲೆ ಕೆಮ್ಮಣ್ಣು ಬಂದಿತು. ಚೌಕಚೌಕವಾಗಿ ಕತ್ತರಿಸಿ ತಂದ ಹುಲ್ಲನ್ನು ಚಾಪೆಯಂತೆ ಹಾಸಲಾಯಿತು. ನೋಡಿದವರೆಲ್ಲ ಮೆಚ್ಚಿದರು. ತಾಯಿಯವರ ಹೆಸರಿನ ಶಿಲಾಫಲಕವನ್ನೂ ನಿಲ್ಲಿಸಿದರು.

ಮಾಘಮಾಸದ ಒಂದು ಸಂಜೆ ಆರ್ಯಿಕಾ ಮಾತಾಜಿಯವರೊಬ್ಬರು ಅಲ್ಲಿಗೆ ಆಗಮಿಸಿದರು. ಹೆಬ್ಬಾಗಿಲಿನಿಂದ ಕಟ್ಟಡದವರೆಗೆ ಹುಲ್ಲೇ ಹುಲ್ಲು. ಸಚಿತ್ತವಾದ ಹಸುರಿನ ಮೇಲೆ ಕಾಲಿಡುವುದು ಈರ್ಯಾಸಮಿತಿಗೆ ವಿರುದ್ಧವಾದ್ದರಿಂದ ಅವರು ಅಂಚಿನಲ್ಲೇ ನಿಂತರು. ಬಳಿಕ ಹಿಂಬದಿಯಲ್ಲಿ ಸಾಮಾನು ಲಾರಿ ಬರುವ ದಾರಿಯಿಂದ ಒಳಗೆ ಕರೆದುಕೊಂಡು ಹೋಗಬೇಕಾಯಿತು. ಮರುದಿನ ಹೊರಡುವಾಗ ಅವರು ಕೇಳಿದ್ದು ಒಂದೇ ಮಾತು: “ಇದನ್ನು ಯಾರಿಗಾಗಿ ಬೆಳೆಸಿದಿರಿ?” ವರ್ತಕರು ಕೈ ಮುಗಿದು ನಿಂತರು. ಉತ್ತರ ಹೊಳೆಯಲಿಲ್ಲ.

ಅಂದು ರಾತ್ರಿ ಅವರು ಖಾತೆ ಪುಸ್ತಕ ತೆರೆದರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ಹಾಯಿಸಿದರೆ, ಆ ಅಂಗಳಕ್ಕೆ ಸುಮಾರು 2,300 ಲೀಟರ್. ತಿಂಗಳಿಗೆ 5,000 ಲೀಟರಿನ ಹದಿನಾಲ್ಕು ಟ್ಯಾಂಕರ್. ಗ್ರಾಮೀಣ ಕುಡಿಯುವ ನೀರಿಗೆ ಜಲಜೀವನ ಮಿಷನ್ ಗೊತ್ತುಮಾಡಿದ ಪ್ರಮಾಣ ತಲೆಗೆ ದಿನಕ್ಕೆ 55 ಲೀಟರ್. ಅಂದರೆ ನಲವತ್ತಕ್ಕೂ ಹೆಚ್ಚು ಜನರ ನೀರನ್ನು, ಯಾರೂ ಮೇಯದ, ಯಾರೂ ನಡೆಯಲಾಗದ ಹುಲ್ಲು ಕುಡಿಯುತ್ತಿತ್ತು. 2007ರಲ್ಲಿ ಕೋಲಾರದಿಂದ ಬೇರೆಯಾದ ಈ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದಿಲ್ಲ. ಕೊಳವೆಬಾವಿಗಳು ಸಾವಿರ ಅಡಿಯನ್ನೂ ಮೀರಿ ಇಳಿದಿವೆ. ಎಷ್ಟೋ ಕಡೆ ಸಿಕ್ಕ ನೀರಿನಲ್ಲೂ ಫ್ಲೋರೈಡ್. ಕೆರೆಗಳನ್ನು ತುಂಬಿಸಲು ಬೆಂಗಳೂರಿನ ಬಳಸಿದ ನೀರನ್ನೇ ಸಂಸ್ಕರಿಸಿ ತರುವ ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ಬೇಕಾಯಿತು. ಇಂತಹ ಸೀಮೆಯ ಅಪ್ಕಾಯ ಜೀವಗಳ ಲೆಕ್ಕವನ್ನು ಯಾರು ಒಪ್ಪಿಸಬೇಕು?

ನೀರಿನೊಂದಿಗೆ ಮುಗಿಯಲಿಲ್ಲ. ಲಾನಿಗೆ ಗೆದ್ದಲು ಹತ್ತಿದಾಗ ಔಷಧಿ ಸಿಂಪಡಿಸಿದ್ದರು. ಪಕ್ಕದ ಹಿಪ್ಪುನೇರಳೆ ತೋಟದ ರೈತರು ಬೇಲಿಯ ಬಳಿ ಬಂದು, “ಸಾವ್ಕಾರ್ರೇ, ಆ ಔಷಧಿ ಗಾಳಿಗೆ ನಮ್ ಸೊಪ್ಪಿನ ಮೇಲೆ ಬಿದ್ರೆ ಹುಳ ಉಳಿಯಲ್ಲ” ಎಂದು ಬೇಡಿಕೊಂಡಿದ್ದರು. ಶಿಡ್ಲಘಟ್ಟದ ಸುತ್ತ ಎಷ್ಟೋ ಮನೆಗಳು ರೇಷ್ಮೆಯನ್ನೇ ನಂಬಿವೆ. ರೇಷ್ಮೆಯ ಹಿಂಸೆಯ ಪ್ರಶ್ನೆ ಬೇರೆ; ಆದರೆ ಗೆದ್ದಲಿಗೆ ವಿಷವಿಟ್ಟವರಿಗೆ ಹುಳು ಸಾಕುವವರನ್ನು ಆಕ್ಷೇಪಿಸುವ ಅಧಿಕಾರವೆಲ್ಲಿ? ಸಿಂಪಡಿಸಿದವನು ಮಾಲಿ, ವಾರವಾರ ಯಂತ್ರದಿಂದ ಕತ್ತರಿಸುವವನೂ ಮಾಲಿ ಎಂದು ಸಮಾಧಾನಪಡುವಂತಿಲ್ಲ. ಕೃತ, ಕಾರಿತ, ಅನುಮತ ಮೂರೂ ಕರ್ಮಾಸ್ರವಕ್ಕೆ ದ್ವಾರಗಳೇ.

ಸಮಿತಿಯ ಸಭೆಯಲ್ಲಿ ವಾದ ಬಿಸಿಯಾಯಿತು. ಒಬ್ಬ ಸದಸ್ಯರು ಕೇಳಿದ ಪ್ರಶ್ನೆ ಹಗುರವಾದುದಲ್ಲ: “ನೀರು ನಿಲ್ಲಿಸಿದರೆ ಈ ಹುಲ್ಲು ಒಣಗಿ ಸಾಯುತ್ತದೆ. ಅದು ಹಿಂಸೆಯಲ್ಲವೇ?” ವರ್ತಕರು ನುಣುಚಿಕೊಳ್ಳಲಿಲ್ಲ. “ಹಿಂಸೆಯೇ. ತಪ್ಪು ಮಾಡಿದ್ದು ಹಾಸಿದ ದಿನ. ಅದರ ಸಾಲ ಇಂದು ತೀರಿಸಬೇಕಾಗಿದೆ. ತೀರಿಸುವ ನೋವಿಗೆ ಅಂಜಿ ಬಡ್ಡಿ ಕಟ್ಟುತ್ತಲೇ ಹೋದರೆ ಅಸಲು ಎಂದಿಗೂ ಕರಗದು” ಎಂದರು. ಹುಲ್ಲನ್ನು ಕೀಳಿಸಲಿಲ್ಲ, ಸುಡಿಸಲಿಲ್ಲ. ಕತ್ತರಿಸುವುದನ್ನೂ ನೀರುಣಿಸುವುದನ್ನೂ ನಿಲ್ಲಿಸಿದರು. ಆ ಕಾರ್ಯವನ್ನು ಪ್ರತಿಕ್ರಮಣದಲ್ಲಿ ಹೇಳಿಕೊಂಡರು. ಬೇಸಿಗೆ ಮುಗಿಯುವಷ್ಟರಲ್ಲಿ ಹಾಸು ಕಂದಿತು. ಸಂದುಗಳಲ್ಲಿ ಎಲ್ಲಿಂದಲೋ ಬಂದ ಗರಿಕೆ ಹಬ್ಬತೊಡಗಿತು.

ಬರಿಯ ಗರಸನ್ನು ಹಾಗೆಯೇ ಬಿಟ್ಟರೆ ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ, ‘ಕಾಂಗ್ರೆಸ್ ಗಿಡ’ವೆನ್ನುವ ಪಾರ್ಥೇನಿಯಂ ಆವರಿಸುತ್ತದೆ. ಆದ್ದರಿಂದ ಸ್ಥಳೀಯ ಹುಲ್ಲುಗಳ ಬೀಜವನ್ನೇ ಬಿತ್ತಬೇಕೆಂದು ನಿಶ್ಚಯವಾಯಿತು. ಗೌರಿಬಿದನೂರಿನ ಕಡೆಯ ಗುಡ್ಡದಂಚುಗಳಲ್ಲಿ ಕುರಿ ಕಾಯುವ ಹಿರಿಯರೊಬ್ಬರು, ತೆನೆ ಒಣಗಿ ಉದುರುವ ಕಾಲದಲ್ಲಿ ಬೀಜವನ್ನು ಗೋಣಿಗೆ ಉದುರಿಸಿಕೊಟ್ಟರು. “ಎಲ್ಲಾ ಬಾಚ್ಕೋಬಾರ್ದು ಸ್ವಾಮಿ, ಗುಡ್ಡಕ್ಕೂ ಇರ್ಲಿ” ಎಂದು ಅವರು ಹೇಳಿದ ಮಾತು ಪರಿಗ್ರಹಪರಿಮಾಣದ ಪಾಠದಂತಿತ್ತು. ಕಾಡುಹುಲ್ಲಿನ ಹೊಸ ಬೀಜ ಕೂಡಲೇ ಮೊಳೆಯುವುದು ಕಡಿಮೆ. ಆರು ತಿಂಗಳು ಒಣಜಾಗದಲ್ಲಿಟ್ಟರೆ ಅದರ ನಿದ್ರೆ ತಿಳಿಯಾಗುತ್ತದೆ. ಈ ಸೀಮೆಯಲ್ಲಿ ವರ್ಷದ ಮಳೆ ಸುಮಾರು 700 ಮಿಲಿಮೀಟರ್. ಹೆಚ್ಚು ಮಳೆ ಬೀಳುವ ತಿಂಗಳುಗಳು ಸೆಪ್ಟೆಂಬರ್, ಅಕ್ಟೋಬರ್. ಆದರೆ ಅದು ಚಾತುರ್ಮಾಸದ ಕಾಲ, ನೆಲವನ್ನು ಕೆದಕತಕ್ಕದ್ದಲ್ಲ. ಆದಕಾರಣ ಜ್ಯೇಷ್ಠದೊಳಗಾಗಿಯೇ ಇಳಿಜಾರಿಗೆ ಅಡ್ಡವಾಗಿ ಅಲ್ಲಿಯದೇ ಕಲ್ಲುಗಳನ್ನು ಸಾಲಾಗಿ ಜೋಡಿಸಿದರು. ನೆಲವನ್ನು ಉಳದೆ, ಬೀಜವನ್ನು ಜರಡಿ ಹಿಡಿದ ಮಣ್ಣಿನೊಡನೆ ಕಲಸಿ ಕಲ್ಲುಸಂದುಗಳಲ್ಲಿ ಉದುರಿಸಿ, ಮೇಲೆ ತೆಳುವಾಗಿ ಮಣ್ಣು ಸವರಿದರು. ಈಟಿಯಂತೆ ಚೂಪಾದ ಬೀಜವುಳ್ಳ ಒಂದು ಜಾತಿಯಿದೆ: ತೇವ ತಾಗಿದಾಗ ಅದರ ತಿರುಚಿದ ಬಾಲ ಬಿಚ್ಚಿಕೊಳ್ಳುತ್ತಾ ತಿರುಗಿ ಬೀಜವನ್ನು ತಾನೇ ನೆಲಕ್ಕೆ ಇಳಿಸುತ್ತದೆ. ಬರಿಗಾಲಿನಲ್ಲಿ ನಡೆಯುವ ತ್ಯಾಗಿಗಳಿಗೆ ಅದು ಚುಚ್ಚಬಾರದೆಂದು ಅದನ್ನು ಹಿಂದಿನ ಮೂಲೆಯಲ್ಲಷ್ಟೇ ಬಿತ್ತಿ, ಹೆಬ್ಬಾಗಿಲಿನಿಂದ ಕಟ್ಟಡದವರೆಗೆ ಅಗಲವಾದ ಕಲ್ಲುಚಪ್ಪಡಿಯ ದಾರಿ ಮಾಡಿದರು.

ಮೊದಲ ವರ್ಷ ಬೀಜದ ಒಂದು ಪಾಲನ್ನು ಇರುವೆಗಳು ಒಯ್ದವು. ಅಂಗಳ ತೇಪೆ ಹಾಕಿದ ಕಂಬಳಿಯಂತೆ ಕಂಡಿತು. ದಾನಿಗಳು ನೊಂದರು. “ನಮ್ಮ ಅಮ್ಮನ ಹೆಸರಿನ ಜಾಗ ಬೀಡಾಯಿತಲ್ಲ” ಎಂದು ಮಾತು ಬಿಟ್ಟರು. ವರ್ತಕರು ಅವರ ಮನೆಗೆ ಹೋಗಿ, ಕೇಳದೆ ಮಾಡಿದ ತಪ್ಪಿಗೆ ಕ್ಷಮೆ ಬೇಡಿದರು, ಮಾಡಿದ ಕೆಲಸಕ್ಕಲ್ಲ. ಎರಡನೆಯ ಮಳೆಗಾಲದಲ್ಲಿ ಹುಲ್ಲು ಕೂಡಿಕೊಂಡಿತು. ಮಾಗಿಯಲ್ಲಿ ಹೂ ಬಿಟ್ಟು, ಬೀಜ ಉದುರಿಸಿ, ತಾನಾಗಿ ಒಣಗಿ ಹೊಂಬಣ್ಣ ತಾಳಿತು. ಬೇಸಿಗೆಯ ಬೆಂಕಿಯ ಭಯಕ್ಕೆ ಅದನ್ನು ಒಮ್ಮೆ ಕೊಯ್ಯಲೇಬೇಕು. ಆದರೆ ಆಗ ಅದರ ಆಯುಷ್ಯ ಮುಗಿದಿರುತ್ತದೆ, ದಂಟು ಅಚಿತ್ತ. ಕುಡುಗೋಲಿಗೆ ಮುನ್ನ ಮೃದುವಾದ ಕೋಲಿನಿಂದ ಹುಲ್ಲನ್ನು ಅಲುಗಿಸಿ, ಹುಳುಹುಪ್ಪಟೆಗಳು ಸರಿಯಲು ಸಮಯ ಕೊಟ್ಟು, ಬುಡ ಬಿಟ್ಟು ಕೊಯ್ದರು. ಒಣಹುಲ್ಲು ಗೋಶಾಲೆಗೆ ಹೋಯಿತು. ತಾಯಿಯವರ ಪುಣ್ಯತಿಥಿಯಂದು ಆ ಗಾಡಿಯನ್ನು ನೋಡಿದ ದಾನಿಗಳು ಶಿಲಾಫಲಕವನ್ನು ಚಪ್ಪಡಿ ದಾರಿಯ ಬದಿಗೆ ಸರಿಸಲು ತಾವಾಗಿಯೇ ಹೇಳಿದರು. ಅವರ ಮನಸ್ಸು ಪೂರ್ಣವಾಗಿ ತಿಳಿಯಾಯಿತೆಂದು ಇಂದಿಗೂ ಹೇಳಲಾಗದು.

ಹಿಂಸೆಯಿಲ್ಲದ ಅಂಗಳ ಗೃಹಸ್ಥನಿಗೆ ಸಾಧ್ಯವಿಲ್ಲ. ಆದರೆ ಹಸುರಾಗಿರುವಾಗಲೇ ವಾರವಾರ ಕತ್ತರಿಸಿ, ಹೂ ಬಿಡಲೂ ಬೀಜ ಕಟ್ಟಲೂ ಅವಕಾಶ ಕೊಡದೆ ಬದುಕಿಸುವ ಹುಲ್ಲಿಗೂ, ತನ್ನ ಆಯುಷ್ಯವನ್ನು ತೀರಿಸಿದ ಮೇಲೆ ಒಮ್ಮೆ ಕೊಯ್ಯುವ ಹುಲ್ಲಿಗೂ ಅಂತರವಿದೆ. ಷಟ್‌ಲೇಶ್ಯೆಯ ದೃಷ್ಟಾಂತದಲ್ಲಿ ಜಂಬೂವೃಕ್ಷವನ್ನು ಬುಡಸಹಿತ ಕಡಿಯಹೊರಟವನಿಗೂ, ನೆಲಕ್ಕೆ ಉದುರಿದ ಹಣ್ಣನ್ನು ಆಯ್ದುಕೊಂಡವನಿಗೂ ಹಸಿವು ಒಂದೇ ಆಗಿತ್ತು. ಬಸದಿಗಳ ಹಾಗೂ ಕ್ಷೇತ್ರಗಳ ಆಡಳಿತ ಮಂಡಳಿಗಳು ಅಂಗಳದ ಶೋಭೆಗೆ ಹಣ ಮಂಜೂರು ಮಾಡುವ ಮುನ್ನ ಮಾತಾಜಿಯವರ ಆ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬಹುದು. ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಮೈಮೇಲೆ ಹಬ್ಬಿರುವ ಬಳ್ಳಿಯನ್ನು ಶಿಲ್ಪಿಯು ಅಲಂಕಾರಕ್ಕೆಂದು ಕಡೆಯಲಿಲ್ಲ. ಅಲುಗದೆ ನಿಂತವನನ್ನು ಅದು ನಂಬಿ ಹಬ್ಬಿತ್ತು.