ಒಂದೇ ಹಿಟ್ಟು

ಕಪ್‌ಕೇಕು ನಮ್ಮ ನೆಲದ ತಿಂಡಿಯಲ್ಲ. ಪುಟ್ಟ ಬಟ್ಟಲುಗಳಲ್ಲಿ ಬೇಯಿಸುವ ಹಗುರಾದ ಕೇಕನ್ನು ಅಮೆರಿಕದ ಅಮೀಲಿಯಾ ಸಿಮನ್ಸ್ ಎಂಬಾಕೆ 1796ರಲ್ಲಿಯೇ ತನ್ನ ಪಾಕಗ್ರಂಥದಲ್ಲಿ ಹೇಳಿದ್ದಾಳೆ. ಹಿಟ್ಟು ಒಂದೇ, ಬಟ್ಟಲು ಹಲವು. ಇದೇ ಅದರ ಸ್ವಾರಸ್ಯ.

ನಮ್ಮೂರ ಹೈಸ್ಕೂಲಿನ ಮಕ್ಕಳು ಮೊನ್ನೆ ಗುಂಪಾಗಿ ಇದನ್ನು ಮಾಡಹೊರಟಾಗ, ನೋಡಲು ನಾನೂ ಹೋಗಿದ್ದೆನು. ಆ ಒಂದೇ ಹಿಟ್ಟಿನಲ್ಲಿಯೇ ತೊಡಕು ಹುಟ್ಟಿತು. ಮೊಟ್ಟೆ ಹಾಕಿದರೆ ಕೇಕು ಹಗುರಾಗುವುದು. ಆದರೆ ಇಬ್ಬರು ಮೊಟ್ಟೆ ತಿನ್ನುವವರಲ್ಲ. "ನಾವು ಪಾತ್ರೆ ತೊಳೆಯುತ್ತೇವೆ, ನೀವು ತಿನ್ನಿ" ಎಂದರು ಅವರು. ಮೊಟ್ಟೆ ತಿನ್ನುವ ಹುಡುಗಿಯೊಬ್ಬಳು, "ಕೂಡಿ ಮಾಡಿದ್ದನ್ನು ಕೂಡಿ ತಿನ್ನದಿದ್ದರೆ ಮಾಡುವುದಾದರೂ ಏಕೆ?" ಎಂದಳು.

ಮೊಟ್ಟೆಯ ಬದಲು ಮೊಸರೂ ಅಡಿಗೆ ಸೋಡಾವೂ ಬಂದುವು. ಮೊಸರಿನ ಹುಳಿಯು ಸೋಡಾವನ್ನು ಕೂಡಿದೊಡನೆ ಗುಳ್ಳೆಗಳೆದ್ದು ಹಿಟ್ಟನ್ನು ಉಬ್ಬಿಸುವುವು. ತಡಮಾಡಿದರೆ ಆ ಉಬ್ಬು ಇಳಿದುಹೋಗುವುದು. ಆದುದರಿಂದ ವಾದಕ್ಕೆ ವೇಳೆಯಿರಲಿಲ್ಲ. ಒಬ್ಬನು ಕಲಸಿದನು, ಒಬ್ಬಳು ಬಟ್ಟಲುಗಳಿಗೆ ಸುರಿದಳು. 180 ಡಿಗ್ರಿ ಕಾದ ಓವನ್ನಿನಲ್ಲಿ 20 ನಿಮಿಷ ಬೆಂದಿತು.

ಮೊಟ್ಟೆಯ ಕೇಕಿನಷ್ಟು ಅದು ಹಗುರಾಗಿರಲಿಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ಪಂಕ್ತಿಭೇದವನ್ನು ಕುರಿತು ಭಾಷಣಮಾಡಿ ದಣಿದ ನಾವು ಹಿರಿಯರು, ನಮ್ಮ ರುಚಿಯನ್ನು ತುಸು ಬಿಟ್ಟುಕೊಟ್ಟು, ಒಂದು ಸಲವಾದರೂ ಎಲ್ಲರಿಗೂ ಸಲ್ಲುವ ಹಿಟ್ಟನ್ನು ಕಲಸಿದ್ದೇವೆಯೆ?