ನೆನಪನ್ನು ಕೊಳ್ಳುವ ಬಗೆ

ನೆನಪು ಅಂಗಡಿಯಲ್ಲಿ ಸಿಗುವ ಪದಾರ್ಥವಾಗಿದ್ದರೆ ಪರೀಕ್ಷೆಯ ಕಾಲದಲ್ಲಿ ನನ್ನ ವಿದ್ಯಾರ್ಥಿಗಳು ಬೆಳಗಿನ ಜಾವಕ್ಕೇ ಸಾಲು ನಿಲ್ಲುತ್ತಿದ್ದರು. ಮನುಷ್ಯನಿಗೆ ಆ ಭಾಗ್ಯವಿಲ್ಲ, ಕಂಪ್ಯೂಟರಿಗೆ ಉಂಟು. ಅದರ ನೆನಪನ್ನು ಪಟ್ಟಿಯ ಲೆಕ್ಕದಲ್ಲಿ ಮಾರುತ್ತಾರೆ. ಗೇಣಿಗೂ ಕಿರಿದಾದ ಆ ಪಟ್ಟಿಯ ಮೇಲೆ ಮುಖ್ಯವಾಗಿ ಎರಡು ಅಂಕಿಗಳನ್ನು ನೋಡಬೇಕು: ಎಷ್ಟು ಹಿಡಿದೀತು ಎಂಬುದೊಂದು, ಎಷ್ಟು ಬೇಗ ಒಪ್ಪಿಸೀತು ಎಂಬುದು ಇನ್ನೊಂದು. ಕೈಯಲ್ಲಿ ಹಣ ಮಿತವಾಗಿರುವಾಗ ಯಾವುದಕ್ಕೆ ಮೊದಲ ಮಣೆ?

ಈ ಪ್ರಶ್ನೆ ನಮ್ಮ ಮನೆಗೆ ಬಂದದ್ದು ಮಗನ ಮೂಲಕ. ಅವನಿಗೂ ಅವನ ಬಾಲ್ಯದ ಗೆಳೆಯನಿಗೂ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟದ ಹುಚ್ಚು. ಗೆಳೆಯ ಓದಲೆಂದು ಜರ್ಮನಿಗೆ ಹೋದ. ಈಗ ಶನಿವಾರದ ರಾತ್ರಿ ಅವನು ಅಲ್ಲಿಂದ, ಇವನು ಇಲ್ಲಿಂದ, ಪಕ್ಕಪಕ್ಕದ ವಿಮಾನಗಳಲ್ಲಿ ಪಶ್ಚಿಮಘಟ್ಟದ ಮೇಲೆ ಹಾರುತ್ತ ಊರಿನ ಸುದ್ದಿ ಮಾತನಾಡುತ್ತಾರೆ. ಕಾಗದ ಬರೆಯದ ಈ ಕಾಲದ ಹುಡುಗರಿಗೆ ಅದೇ ಕಾಗದ. ಆದರೆ ಆಗುಂಬೆ ಸಮೀಪಿಸಿದಾಗಲೆಲ್ಲ ಇವನ ವಿಮಾನ ಆಕಾಶದಲ್ಲೇ ತಟಸ್ಥವಾಗಿಬಿಡುವುದು. ಅದಕ್ಕೆ ಎಚ್ಚರವಾಗುವಷ್ಟರಲ್ಲಿ ಗೆಳೆಯ ಎಷ್ಟೋ ಮುಂದೆ. "ಬಿಡು, ಮುಂದಿನ ವಾರ ನೋಡೋಣ" ಎಂಬ ಮಾತು ಎರಡು ವಾರ ಕೇಳಿಬಂತು. ಮೂರನೆಯ ವಾರ ಹುಡುಗ ಮನೆಪಾಠ ಹೇಳಿ ಕೂಡಿಸಿದ ಹಣವನ್ನು ಎಣಿಸತೊಡಗಿದ. ಕಾಲವೂ ಅನುಕೂಲವಾಗಿರಲಿಲ್ಲ. ಕೃತಕ ಬುದ್ಧಿಯ ದೊಡ್ಡ ಯಂತ್ರಾಗಾರಗಳು ಚಿಪ್‌ಗಳನ್ನು ಬಾಚಿಕೊಳ್ಳತೊಡಗಿ, ೨೦೨೫ರ ಕೊನೆಯ ತಿಂಗಳುಗಳಲ್ಲಿ ಈ ಪಟ್ಟಿಗಳ ಬೆಲೆ ವಿಪರೀತ ಏರಿತ್ತು. ಒಂದೇ ಸಲ ಕೊಳ್ಳಬಹುದು. ತಪ್ಪಿದರೆ ಇನ್ನೊಂದು ವರ್ಷದ ಮನೆಪಾಠ.

ಕನ್ನಡದ ಮೇಷ್ಟರಿಗೆ ಇದರಲ್ಲೇನು ಕೆಲಸವೆಂದು ನೀವು ಕೇಳಬಹುದು. ಆದರೆ ವಿಷಯ ನಿಜವಾಗಿ ಅಡುಗೆಮನೆಯದು. ಕಂಪ್ಯೂಟರಿನ ಡಿಸ್ಕ್ ಉಗ್ರಾಣ, ಈ ನೆನಪಿನ ಪಟ್ಟಿ ಒಲೆಯ ಪಕ್ಕದ ಹಲಗೆ, ಪ್ರೊಸೆಸರ್ ಅಡುಗೆಯವನು. ಹಲಗೆ ಚಿಕ್ಕದಾದರೆ ಅವನು ಎಷ್ಟೇ ಚುರುಕಾಗಿರಲಿ, ಸಾಸಿವೆಗೊಮ್ಮೆ ಇಂಗಿಗೊಮ್ಮೆ ಉಗ್ರಾಣಕ್ಕೆ ಓಡಬೇಕು, ಒಗ್ಗರಣೆ ಸೀಯುತ್ತದೆ. ಹಲಗೆ ಸಾಲುವಷ್ಟು ಇದ್ದ ಮೇಲೆ ಅದನ್ನು ಇಮ್ಮಡಿ ಮಾಡಿದರೆ ಸಾರಿನ ರುಚಿಯೇನೂ ಹೆಚ್ಚುವುದಿಲ್ಲ. ವಿಸ್ತಾರದ ಗುಣವೇ ಅದು: ಸಾಲದಿದ್ದರೆ ಸಂಕಟ, ಸಾಕಾದ ಮೇಲೆ ನಿಷ್ಪ್ರಯೋಜಕ.

ವೇಗದ ಸ್ವಭಾವ ಬೇರೆ. ಅದು ಹೆಚ್ಚಿದಷ್ಟೂ ಸ್ವಲ್ಪ ಸ್ವಲ್ಪ ಲಾಭವುಂಟು, ಆದರೆ ಅಂಕಿಯ ಜಂಬಕ್ಕೆ ತಕ್ಕಷ್ಟಲ್ಲ. ಡಿಡಿಆರ್ ೪ ಜಾತಿಯ ೩೨೦೦ರ ಪಟ್ಟಿ ಸೆಕೆಂಡಿಗೆ ೩೨೦ ಕೋಟಿ ಸಲ ಸರಕು ಸಾಗಿಸುತ್ತದೆ. ಡಿಡಿಆರ್ ೫ ಜಾತಿಯ ೬೦೦೦ದ್ದು ೬೦೦ ಕೋಟಿ ಸಲ. ಆದರೆ ಕೇಳಿದ ಮೇಲೆ ಮೊದಲ ತುತ್ತು ಕೊಡುವ ಮುನ್ನ ಎಷ್ಟು ತಾಳ ಕಾಯಿಸುತ್ತದೆಂಬುದಕ್ಕೆ ಸಿ.ಎಲ್. ಎಂಬ ಇನ್ನೊಂದು ಅಂಕಿಯಿದೆ. ಮೊದಲನೆಯದಕ್ಕೆ ಅದು ೧೬, ಎರಡನೆಯದಕ್ಕೆ ೩೦ ಆಗಿದ್ದರೆ, ಭಾಗಿಸಿ ನೋಡಿ: ಎರಡೂ ಕಾಯಿಸುವುದು ೧೦ ನ್ಯಾನೊಸೆಕೆಂಡು. ೪೮೦೦ರ ವೇಗ, ೪೦ರ ಸಿ.ಎಲ್. ಇರುವ ಹೊಸ ಪಟ್ಟಿಯಾದರೋ ೧೬ಕ್ಕೂ ಮಿಕ್ಕಿ! ಹೊಸತು ಒಂದೇ ಸಲಕ್ಕೆ ಹೆಚ್ಚು ಬಡಿಸುತ್ತದೆ, ನಿಜ. ಪ್ರೊಸೆಸರ್ ಹಸಿದಿರುವ ಆಟಗಳಲ್ಲಿ ಅದರ ಉಪಯೋಗ ಕಾಣುತ್ತದೆ. ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡೇ ಏದುಸಿರು ಬಿಡುತ್ತಿದ್ದರೆ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಕಷ್ಟ.

ಮಗನ ಮನಸ್ಸು ಹೊಸ ಜಾತಿಯ ಮೇಲಿತ್ತು. ಆದರೆ ಡಿಡಿಆರ್ ೫ರ ಪಟ್ಟಿ ಹಳೆಯ ಗೂಡಿನಲ್ಲಿ ಕೂರುವುದಿಲ್ಲ. ಕಚ್ಚು ಇರುವ ಜಾಗವೇ ಬೇರೆ. ಬೋರ್ಡನ್ನೂ, ಅವನಲ್ಲಿದ್ದ ಪ್ರೊಸೆಸರನ್ನೂ ಬದಲಿಸಬೇಕು. ನಾನು ಕೇಳಿದ್ದು ಒಂದೇ: "ವಿಮಾನ ನಿಲ್ಲುವಾಗ ತುಂಬಿರುವುದು ಯಾವುದು?" ಮುಂದಿನ ಶನಿವಾರ ಅವನು ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡೇ ಹಾರಿದ. ೧೬ ಜಿ.ಬಿ. ಹಲಗೆ ಅಂಚಿನವರೆಗೂ ತುಂಬಿತ್ತು. ಅವರು ಆಡುವ ಫ್ಲೈಟ್ ಸಿಮ್ಯುಲೇಟರ್ ೨೦೨೪ ತಾನೇ ಹೇಳಿಕೊಂಡಿರುವುದೂ ಹಾಗೆಯೇ: ಕನಿಷ್ಠ ೧೬, ಒಳ್ಳೆಯದು ೩೨, ಆದರ್ಶ ೬೪.

ತೀರ್ಮಾನ ಸುಲಭವಾಯಿತು. ಬೋರ್ಡಿನಲ್ಲಿ ಎರಡೇ ಗೂಡು. ಆದ್ದರಿಂದ ೮ರ ಎರಡನ್ನು ತೆಗೆದು ೧೬ರ ಎರಡು, ೩೨೦೦ರ ವೇಗದವು. ಒಂದೇ ೩೨ರ ಪಟ್ಟಿ ಬೇಡ. ಜೋಡೆತ್ತು ಕಟ್ಟಿದಂತೆ ಎರಡಿದ್ದರೆ ದಾರಿಯೂ ಇಮ್ಮಡಿ. ಹಾಕಿದ ಮೇಲೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬುದನ್ನು ಚಾಲೂ ಮಾಡಿದ. ಮಾಡದಿದ್ದರೆ ಇಂಥ ಎಷ್ಟೋ ಪಟ್ಟಿಗಳು ೨೧೩೩ರ ನಡಿಗೆಯಲ್ಲೇ ತೆವಳುತ್ತವೆ. ಕಾಸು ಕೊಟ್ಟ ವೇಗ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಈಗ ಆಗುಂಬೆಯನ್ನು ಇಬ್ಬರೂ ಒಟ್ಟಿಗೆ ದಾಟುತ್ತಾರೆ.

ಇದೇ ಪಟ್ಟಿಯ ಇನ್ನೊಂದು ಗುಣ ನನಗೆ ಹಿಡಿಸಿತು. ೧೯೬೬ರಲ್ಲಿ ಐ.ಬಿ.ಎಂ.ನ ರಾಬರ್ಟ್ ಡೆನಾರ್ಡ್ ಕಲ್ಪಿಸಿದ ಈ ಬಗೆಯ ನೆನಪಿನಲ್ಲಿ ಒಂದೊಂದು ಅಂಶವೂ ಪುಟ್ಟ ಕೋಶದೊಳಗಿನ ವಿದ್ಯುತ್ತಿನ ಹನಿ. ಆ ಹನಿ ಸದಾ ಸೋರುತ್ತಿರುತ್ತದೆ. ಸಾಮಾನ್ಯವಾಗಿ ೬೪ ಮಿಲಿಸೆಕೆಂಡಿನೊಳಗೆ ಮತ್ತೆ ಓದಿ, ಮತ್ತೆ ತುಂಬಬೇಕು, ಇಲ್ಲವಾದರೆ ಮರೆವು. ಎಷ್ಟು ವಿಸ್ತಾರವಿದ್ದರೂ, ಎಷ್ಟು ವೇಗವಿದ್ದರೂ ಈ ನಿಯಮಕ್ಕೆ ವಿನಾಯಿತಿಯಿಲ್ಲ. ಸ್ನೇಹಕ್ಕೂ ಅಷ್ಟೆ. ವಾರಕ್ಕೊಮ್ಮೆಯಾದರೆ ಸಾಕು ಎಂಬುದು ಮನುಷ್ಯನಿಗೆ ದೊರೆತ ರಿಯಾಯಿತಿ, ಅದನ್ನೂ ಕಳೆದುಕೊಳ್ಳಬಾರದು.